ತಿನ್ನದೆ ಹೊಗಳಿದ ಕೆಂಡದಂಗಡಿ

ಮಕ್ಕಳೇ, ಕಾರೆಗುಡ್ಡದ ಕಾಡಿನಲ್ಲಿ ಹೊನ್ನವ್ವ ಎಂಬ ಮುಳ್ಳುಹಂದಿ ಇದ್ದಳು. ಬಂಡೆಯಡಿಯ ಬಿಲದಲ್ಲಿ ತಾಯಿ, ಮಗಳು ಚಿಗುರಿ, ಇಬ್ಬರದೇ ಸಂಸಾರ. ಹೊನ್ನವ್ವನ ಮನಸ್ಸು ಒಳ್ಳೆಯದೇ, ಬಾಯಿ ಮಾತ್ರ ನಾಲ್ಕು ಹೆಜ್ಜೆ ಮುಂದೆ. ಕಂಡದ್ದನ್ನೂ ಹೊಗಳುತ್ತಿದ್ದಳು, ಕಾಣದ್ದನ್ನೂ ಹೊಗಳುತ್ತಿದ್ದಳು.

ಆ ವರ್ಷ ಜಂಬಣ್ಣ ಎಂಬ ಕರಡಿ ಹಳ್ಳದ ದಂಡೆಯಲ್ಲಿ ಕೆಂಡದಂಗಡಿ ತೆರೆದ. ಗೆಣಸು, ಜೋಳದ ತೆನೆ ಸುಟ್ಟು ಮುತ್ತುಗದ ಎಲೆಯಲ್ಲಿ ಕೊಡುತ್ತಿದ್ದ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊನ್ನವ್ವ ಎದುರಿಗೆ ಸಿಕ್ಕವರಿಗೆಲ್ಲ ಹೇಳತೊಡಗಿದಳು: "ಜಂಬಣ್ಣನ ಗೆಣಸು ಬಾಯಲ್ಲಿಟ್ಟರೆ ಬೆಣ್ಣೆ!" ತಾನು ಮಾತ್ರ ಒಂದು ದಿನವೂ ಅತ್ತ ಹೋಗಿರಲಿಲ್ಲ.

ಹೀಗಿರುವಾಗ ಗುಡ್ಡದಾಚೆಯ ಹಿರಿಯ ಮುಳ್ಳುಹಂದಿ ದುಗ್ಗಪ್ಪ ತನ್ನ ಮಗನಿಗೆ ಹೆಣ್ಣು ನೋಡಲು ಹೆಂಡತಿಯೊಡನೆ ಬಂದ. ಒಳ್ಳೆಯ ಮನೆತನ. ಹುಡುಗನನ್ನು ಚಿಗುರಿ ಮೊದಲೇ ಕಂಡು ಮೆಚ್ಚಿದ್ದಳು. ಸಂಬಂಧ ಕೂಡಿಬಂದರೆ ಸಾಕೆಂದು ತಾಯಿ ಹಗಲಿರುಳು ಹಂಬಲಿಸುತ್ತಿದ್ದಳು.

ಚಿಗುರಿ ಬೆಳಗ್ಗೆಯೇ ಗೆಣಸನ್ನು ಬಿಸಿಬೂದಿಯಲ್ಲಿ ಹೂತಿದ್ದಳು. "ಅವ್ವ, ಇನ್ನೊಂದು ಗಳಿಗೆ ತಡಿ, ಬೇಯುತ್ತೆ. ಊಟ ಮನೇಲೇ ಆಗಲಿ" ಎಂದು ಪಿಸುಗುಟ್ಟಿದಳು.

"ಬೂದಿಗೆಣಸು ದಿನಾ ಇದ್ದದ್ದೇ! ಬಂದವರಿಗೆ ಜಂಬಣ್ಣನ ಕೈರುಚಿ ತೋರಿಸ್ತೀನಿ. ತಿಂದು ಬಂದಮೇಲೆ ನಿನ್ನನ್ನು ನೋಡ್ತಾರೆ" ಎಂದು ಹೊನ್ನವ್ವ ಹೊರಟೇಬಿಟ್ಟಳು.

ದಾರಿಯುದ್ದಕ್ಕೂ ಅವಳ ಬಾಯಿಗೆ ಬಿಡುವಿಲ್ಲ. "ಅಂಥ ಗೆಣಸು ಈ ಕಾಡಲ್ಲೇ ಇಲ್ಲ ಬೀಗರೇ! ನನ್ನ ಮಗಳ ಅಡುಗೆಯೂ ಅಷ್ಟೇ, ಗುಣವೂ ಅಷ್ಟೇ, ಅಪ್ಪಟ ಚಿನ್ನ!"

ಮದುವೆ ಮಾತು ಮುಗಿಯುವ ಮೊದಲೇ ಬೀಗರಾಗಿಬಿಟ್ಟೆವಲ್ಲ ಎಂದು ದುಗ್ಗಪ್ಪ ನಕ್ಕ.

ಅಂಗಡಿಯಲ್ಲಿ ಉರಿ ಮರದೆತ್ತರ ಎದ್ದಿತ್ತು. ಬೆಂಕಿ ಕೆಂಡವಾಗುವವರೆಗೆ ಕಾಯುವ ತಾಳ್ಮೆ ಜಂಬಣ್ಣನಿಗೆಲ್ಲಿ? ಉರಿಗೇ ಗೆಣಸು ಎಸೆದ, ಎರಡು ಸಲ ಹೊರಳಿಸಿ ಎಲೆಗೆ ಹಾಕಿದ. ದುಗ್ಗಪ್ಪ ಕಚ್ಚಿದ. ಹೊರಗೆ ಇದ್ದಿಲು, ಒಳಗೆ ಹಸಿ, ಹಲ್ಲಿಗೆ ಕಟಕ್ ಎಂದಿತು. ಅವನ ಹೆಂಡತಿ ತೆನೆಯ ಮಸಿ ಗಂಟಲಿಗೆ ಸಿಕ್ಕಿ ಕೆಮ್ಮತೊಡಗಿದಳು.

ಪಕ್ಕದಲ್ಲಿ ಎಲೆ ಮುಂದೆ ಕೂತಿದ್ದ ಮೊಲ ತಲೆ ಎತ್ತಿ, "ನೀನು ಹೇಳಿದೆ ಅಂತ ಬಂದೆ ಹೊನ್ನವ್ವ, ಹಲ್ಲೇ ಹೋಗ್ತಿತ್ತು!" ಎಂದಿತು.

ದುಗ್ಗಪ್ಪ ಗೆಣಸು ಕೆಳಗಿಟ್ಟ. "ಹೊನ್ನವ್ವನವರೇ, ಇಲ್ಲಿ ನೀವು ಎಷ್ಟು ಸಲ ತಿಂದಿದ್ದೀರಿ?"

ಹೊನ್ನವ್ವ ನೆಲ ನೋಡಿದಳು. "ಇದೇ... ಮೊದಲು."

"ಹಾಗಾದರೆ ಮಗಳನ್ನು ಹೊಗಳಿದ್ದೂ ಹೀಗೆಯೇ ಇರಬೇಕು" ಎಂದು ಅವನು ಎದ್ದ.

"ಅಯ್ಯೋ, ಅದು ನಿಜ! ಮನೆಗೆ ಬಂದು ಒಂದು ಸಲ ನೋಡಿ!"

ಗಂಡ ಹೆಂಡತಿ ತಿರುಗಿ ನೋಡಲಿಲ್ಲ. ಅಲ್ಲಿಂದಲೇ ಗುಡ್ಡದ ದಾರಿ ಹಿಡಿದರು.

ಬಿಲದಲ್ಲಿ ಚಿಗುರಿ ಎಲೆ ಹಾಸಿ ಕಾದಿದ್ದಳು. "ಅವರೆಲ್ಲಿ ಅವ್ವ?"

ಹೊನ್ನವ್ವ ಒಲೆಯ ಮುಂದೆ ಕೂತಳು. ಬೂದಿ ಸರಿಸಿ ಒಂದು ಗೆಣಸು ತೆಗೆದಳು. ಸಿಪ್ಪೆ ತಾನಾಗಿ ಬಿಟ್ಟುಕೊಂಡಿತು. ಬಾಯಲ್ಲಿಟ್ಟಳು, ನಿಜವಾಗಿಯೂ ಬೆಣ್ಣೆ. ಅವಳಿಗೆ ಅಳು ಬಂತು.

ನೀತಿ: ತಿನ್ನದ್ದನ್ನು ಹೊಗಳಿದವರು ತಿಂದದ್ದನ್ನು ಹೊಗಳಿದರೂ ಯಾರೂ ನಂಬುವುದಿಲ್ಲ.