ದಸರೆಯ ಮೇಲೆ ಚಿವುಟಿದ ಕುಡಿ

ಪೂಜ್ಯ ಶ್ರೀ ನಿಜಶಾಂತ ಶಿವಯೋಗಿಗಳು ನೇರಲಗಟ್ಟಿಯಲ್ಲಿ ನೆಲೆಸಿದ್ದ ಕಾಲದ ಮಾತಿದು. ಅವರಿಗೆ ಮಠವೆಂಬುದು ಇರಲಿಲ್ಲ. ಓಣಿಯ ಕೊನೆಗೆ ಒಂದು ಮಣ್ಣಿನ ಕೋಣೆ, ಅದರ ಮುಂದೆ ಅವರೇ ಕಟ್ಟಿದ ಒಂದು ಹಂದರ, ಹಂದರದ ಮೇಲೆ ಜಾಜಿಯ ಬಳ್ಳಿ. ಅಲ್ಲಿಯೇ ಪೂಜೆ, ಅಲ್ಲಿಯೇ ಪ್ರಸಾದ. ಆದ್ದರಿಂದ ಜನರ ಬಾಯಲ್ಲಿ ಅವರು ಹಂದರದ ಅಜ್ಜನವರು. ಮಾತು ಬಲು ಕಡಿಮೆ. ಆಡಿದರೆ ಮಾತ್ರ ಕೇಳಿದವರು ಅದನ್ನು ಮನೆಗೆ ಒಯ್ದು ಬಹಳ ದಿನ ಇಟ್ಟುಕೊಳ್ಳುತ್ತಿದ್ದರು.

ಅಜ್ಜನವರ ಬೆಳಗಿನ ಪೂಜೆಗೆ ಓಣಿಯ ಹೆಣ್ಣುಮಕ್ಕಳು ತಮ್ಮ ತಮ್ಮ ಹಿತ್ತಲಿನ ಹೂವು ತರುವುದು ರೂಢಿ. ಎಡ ಅಂಗೈಯ ಮೇಲೆ ಇಷ್ಟಲಿಂಗ. ಅಂಗೈಯಾದರೂ ಎಷ್ಟು ದೊಡ್ಡದು? ಲಿಂಗದ ನೆತ್ತಿಯ ಮೇಲೆ ನಿಲ್ಲುವುದು ಒಂದೇ ಹೂವು, ಮಿಕ್ಕದ್ದೆಲ್ಲ ಬದಿಗೆ. ಪೂಜೆ ಮುಗಿದ ಮೇಲೆ ಆ ನೆತ್ತಿಯ ಹೂವು ಯಾರ ಮನೆಯದು ಎಂದು ಹೆಂಗಸರು ಕಣ್ಣಲ್ಲೇ ಮಾತಾಡಿಕೊಳ್ಳುವರು. ಅಜ್ಜನವರಿಗೆ ಇದರ ಗೊಡವೆಯೇ ಇರಲಿಲ್ಲ. ಗೊಡವೆ ಇದ್ದದ್ದು ಸಂಗವ್ವನಿಗೆ.

ಸಂಗವ್ವನ ಹಿತ್ತಲೆಂದರೆ ಊರಿಗೇ ಹೆಸರು. ಬೇಸಿಗೆಯಲ್ಲಿ ಊರೆಲ್ಲ ಕುಡಿಯುವ ನೀರಿಗೆ ಪರದಾಡುವಾಗ ಅವಳು ಬಚ್ಚಲ ನೀರನ್ನು ತಂಬಿಗೆ ತಂಬಿಗೆಯಾಗಿ ಹೊತ್ತು ದುಂಡುಮಲ್ಲಿಗೆಯನ್ನು ಉಳಿಸುವಳು. ಮಳೆಗಾಲಕ್ಕೆ ಜಾಜಿ, ಚಳಿ ಬಿತ್ತೆಂದರೆ ಗೊರಟಿಗೆ. ಎಲ್ಲಕ್ಕೂ ಮೇಲೆ ಕಾರ್ತಿಕದ ಸೇವಂತಿಗೆ. ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ಕೆನೆಬಣ್ಣದ ಸೇವಂತಿಗೆ ಅದು. ನಡುವೆ ಮಾತ್ರ ತುಸು ಅರಿಶಿಣ. ಯಾರು ಕೇಳಿದರೂ ಅದರ ಒಂದು ಸಸಿ ಕೊಟ್ಟವಳಲ್ಲ. "ತವರಿನ ಗಿಡ ಕೊಟ್ರ ತವರಿನ ಸಿರಿ ಹೋಗ್ತದಂತ್ರಿ" ಎಂದು ನಕ್ಕು ಬಾಗಿಲು ಹಾಕಿಕೊಳ್ಳುವಳು. ಇಂಥವಳ ಹೂವೇ ಲಿಂಗದ ನೆತ್ತಿಗೆ ಏರಬೇಕಾದದ್ದು ನ್ಯಾಯವೆಂದು ಅವಳ ತಿಳಿವು. ಬಹುಕಾಲ ಹಾಗೆಯೇ ನಡೆದೂ ಇತ್ತು.

ಆಗ ಪಕ್ಕದ ಮನೆಗೆ ಬಾಳವ್ವ ಬಂದಳು. ಗಂಡ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಹರೆಯದ ಹುಡುಗಿ, ತೋಟಗಾರಿಕೆಯ ಗಂಧವೂ ಇರಲಿಲ್ಲ. ಒಡೆದ ಗಡಿಗೆ, ತೂತು ಬಿದ್ದ ಎಣ್ಣೆ ಡಬ್ಬಿ, ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಸಿಕ್ಕಿದ ಕಡ್ಡಿಯನ್ನೆಲ್ಲ ಊರಿದಳು. ಎರಡು ಹಿತ್ತಲಿನ ನಡುವಿನ ಗೋಡೆಯ ಮೇಲಿಂದ ನೋಡಿ ಸಂಗವ್ವ ಒಳಗೊಳಗೇ ನಕ್ಕಳು. ಆದರೆ ಕೆಲವರ ಕೈಗುಣವೇ ಹಾಗೆ; ಊರಿದ್ದೆಲ್ಲ ಚಿಗುರಿತು.

ಶ್ರಾವಣದ ಒಂದು ಬೆಳಗು. ಸಂಗವ್ವ ಬುಟ್ಟಿ ತುಂಬ ಜಾಜಿ ತಂದಿದ್ದಳು, ಒಂದೊಂದನ್ನೂ ಆರಿಸಿ, ಬಾಳೆಲೆ ಹಾಸಿ. ಬಾಳವ್ವ ಮಳೆಯಲ್ಲಿ ನೆನೆಯುತ್ತ ಓಡಿ ಬಂದಳು. ಕೈಯಲ್ಲಿ ಒಂದೇ ಒಂದು ಶಂಖಪುಷ್ಪ, ಬೆರಳಿಗೆಲ್ಲ ಕೆಸರು. "ಮೊದಲನೇ ಹೂರಿ ಅಜ್ಜಾರ, ಇದೊಂದ ಬಿಟ್ಟದ" ಎಂದಳು. ಅಜ್ಜನವರು ಕೈ ನೀಡಿ ಅದನ್ನು ತೆಗೆದುಕೊಂಡು ಲಿಂಗದ ನೆತ್ತಿಯ ಮೇಲಿಟ್ಟರು.

ಸಂಗವ್ವ ತನ್ನ ಬುಟ್ಟಿಯ ಜಾಜಿಯನ್ನು ಒಮ್ಮೆ ನೋಡಿದಳು, ಆ ಕೆಸರು ಬೆರಳುಗಳನ್ನು ಒಮ್ಮೆ.

ಅಂದಿನಿಂದ ಅವಳಿಗೆ ಪೂಜೆ ಕಾಣಿಸಲಿಲ್ಲ, ಹೂವು ಮಾತ್ರ ಕಾಣಿಸಿತು. ತನ್ನ ಹೂವು ಏರಿದ ದಿನ ಅದು ಸಹಜ. ಬಾಳವ್ವನದು ಏರಿದ ದಿನ ಅದು ಅನ್ಯಾಯ. ತನ್ನದು ಏರಿದ್ದೆಷ್ಟು ಸಲವೋ, ಅವಳಿಗೆ ನೆನಪುಳಿದದ್ದು ಬಾಳವ್ವನ ದಿನಗಳು ಮಾತ್ರ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಮನೆಯಲ್ಲಿ ಗಂಡ, "ನೀ ಹೂವು ಅಜ್ಜಾರಿಗೆ ಒಯ್ತೀಯೋ, ಪೈಪೋಟಿಗೆ ಒಯ್ತೀಯೋ?" ಎಂದು ಕೆಣಕಿದರೆ ಅಂದಿನ ರೊಟ್ಟಿ ಸೀದೇ ಸೀಯುತ್ತಿತ್ತು.

ದಸರೆ ಮುಗಿಯಿತು. ಬಾಳವ್ವ ಸಂತೆಯಿಂದ ತಂದು ನೆಟ್ಟ ಹಳದಿ ಸೇವಂತಿಗೆ ಉದ್ದಕ್ಕೆ ಬೆಳೆದು, ತುದಿಗೆಲ್ಲ ಜೋಳದ ಕಾಳಿನಷ್ಟು ಮೊಗ್ಗು ಕಟ್ಟಿತ್ತು. ಸೇವಂತಿಗೆಗೆ ಒಂದು ನೇಮವಿದೆ, ಬೆಳೆಸಿದವರಿಗೆಲ್ಲ ಗೊತ್ತು: ಆಷಾಢ-ಶ್ರಾವಣದಲ್ಲಿ ಕುಡಿ ಚಿವುಟಬೇಕು. ಚಿವುಟಿದ ಕುಡಿ ಹತ್ತು ಕವಲೊಡೆದು ಗಿಡ ಪೊದೆಯಾಗಿ ಹೂವು ತುಂಬುತ್ತದೆ. ದಸರೆ ಕಳೆದ ಮೇಲೆ ಕೈ ಹಚ್ಚುವಂತಿಲ್ಲ. ಹಚ್ಚಿದರೆ ಚಿವುಟಿದ್ದು ಕುಡಿಯನ್ನಲ್ಲ, ಆ ವರ್ಷದ ಹೂವನ್ನೇ.

ಬಾಳವ್ವ ಗೋಡೆಯ ಹತ್ತಿರ ಬಂದು ಕೇಳಿದಳು. "ಅಕ್ಕಾ, ಸೇವಂತಿಗಿ ಕುಡಿ ಚಿವುಟಬೇಕಂತಲ್ಲ? ನನಗ ಗೊತ್ತ ಇರಲಿಲ್ಲ. ಈಗ ಚಿವುಟಲೇನು?"

ಸಂಗವ್ವ ಆ ಮೊಗ್ಗುಗಳನ್ನು ನೋಡಿದಳು. ಕಾರ್ತಿಕದಲ್ಲಿ ಅಜ್ಜನವರ ಅಂಗೈ ಹಳದಿಯಾಗುವುದು ಕಣ್ಣಿಗೆ ಕಟ್ಟಿತು.

"ಹೂಂ, ಚಿವುಟು" ಎಂದಳು. "ಒಂದೂ ಬಿಡಬ್ಯಾಡ. ದುಪ್ಪಟ್ಟ ಬರ್ತಾವ."

ಇಷ್ಟೇ ಮಾತು. ಬೈಗುಳವಿಲ್ಲ, ಜಗಳವಿಲ್ಲ, ಗಿಡಕ್ಕೆ ಕುದಿನೀರು ಹೊಯ್ದಿಲ್ಲ. ಬೆಲ್ಲದಂಥ ಬಾಯಿಂದ ಒಂದು ಸುಳ್ಳು ಹೇಳಿ ಸಂಗವ್ವ ಒಳಗೆ ಹೋಗಿ ಹಿಟ್ಟು ನಾದಿದಳು.

ಮರುದಿನ ಪೂಜೆಗೆ ಬಾಳವ್ವ ಒಂದು ತಟ್ಟೆ ತುಂಬ ಹಸಿರು ಕುಡಿ ತಂದಳು. "ಚೆಲ್ಲಾಕ ಮನಸಾಗಲಿಲ್ರಿ ಅಜ್ಜಾರ. ಸೇವಂತಿಗಿ ವಾಸನಿ ಬರ್ತದ ನೋಡ್ರಿ, ಹೂವಿಗೆ ಮೊದಲ ಇದ ಇರಲಿ."

ಅಜ್ಜನವರು ಒಂದು ಕುಡಿಯನ್ನು ಎತ್ತಿದರು. ಹೆಬ್ಬೆರಳಿನಿಂದ ಅದರ ತುದಿಯ ಮೊಗ್ಗನ್ನು ಮೆಲ್ಲಗೆ ಸವರಿದರು. ಆಮೇಲೆ ಕೇಳಿದರು:

"ಯಾರು ಹೇಳಿದ್ರು ತಂಗಿ, ಚಿವುಟಾಕ?"

"ನಮ್ಮ ಸಂಗಕ್ಕ ರೀ. ಆಕಿ ಹೇಳಿದ್ಲಂದ್ರ ಮುಗೀತು, ಕಲ್ಲಿಗೂ ಹೂ ಬಿಡ್ತದ!"

ಹಂದರದ ಕೆಳಗಿದ್ದ ಹೆಂಗಸರಲ್ಲಿ ಹಿತ್ತಲು ಬಲ್ಲವರು ತಟ್ಟೆಯತ್ತ ನೋಡಿದರು, ಸಂಗವ್ವನತ್ತ ನೋಡಿದರು. ಸಂಗವ್ವ ನೆಲ ನೋಡಿದಳು. ಅಜ್ಜನವರು ಯಾರತ್ತಲೂ ನೋಡಲಿಲ್ಲ. ಅರಳದೆ ಹೋದ ಆ ಮೊಗ್ಗಿನ ಕುಡಿಯನ್ನು ಲಿಂಗದ ನೆತ್ತಿಯ ಮೇಲಿಟ್ಟು ಕಣ್ಣು ಮುಚ್ಚಿದರು.

ಕಾರ್ತಿಕ ಬಂತು. ಸಂಗವ್ವನ ಹಿತ್ತಲಲ್ಲಿ ಕೆನೆಬಣ್ಣದ ಸೇವಂತಿಗೆ ಎಲೆ ಕಾಣದ ಹಾಗೆ ಅರಳಿತು. ಗೋಡೆಯ ಆಚೆ ಬರೀ ಎಲೆ. ದಿನವೂ ನೆತ್ತಿಗೆ ಏರುವುದು ಸಂಗವ್ವನ ಹೂವೇ. ಪೈಪೋಟಿಗೆ ಯಾರೂ ಉಳಿದಿರಲಿಲ್ಲ. ಬೇಡಿದ್ದೆಲ್ಲ ದಕ್ಕಿತ್ತು. ಆದರೂ ಹೊಟ್ಟೆಯ ಕಿಚ್ಚು ಆರಿತೇ? ಅದಕ್ಕೆ ಹೂವು ಒಂದು ನೆಪವಾಗಿತ್ತು, ಅಷ್ಟೆ. ಈಗ ಬಾಳವ್ವ ಬರಿಗೈಯಲ್ಲಿ ಬಂದು ಹಂದರದ ಕಂಬಕ್ಕೆ ಒರಗಿ ಕೂರುವುದನ್ನು ಕಂಡರೂ ಸಂಗವ್ವನಿಗೆ ಉರಿಯುತ್ತಿತ್ತು. ತರಲು ಏನೂ ಇಲ್ಲದವಳ ಮುಖದಲ್ಲಿ ಅಷ್ಟು ತಂಪು ಹೇಗೆ? ಬುಟ್ಟಿ ತುಂಬ ತಂದವಳಿಗೆ ಅದು ಯಾಕಿಲ್ಲ? ಹೂವನ್ನಾದರೆ ಚಿವುಟಿಸಬಹುದು, ಆ ತಂಪನ್ನು ಏನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

ಒಂದು ಮುಂಜಾನೆ ನೀರು ಹಾಕುತ್ತಿದ್ದ ಬಾಳವ್ವ ಗೋಡೆಯಾಚೆಯಿಂದ ಹೇಳಿದಳು. "ನೀ ಹೇಳಿದ್ದು ಖರೇನ ಇರ್ತದ ಅಕ್ಕಾ. ಚಿವುಟೂದ್ರಾಗ ನಾನ ಏನೋ ತಪ್ಪ ಮಾಡೀನಿ. ಬರೂ ವರ್ಷ ನೀನ ಬಂದು ತೋರಿಸಿ ಕೊಡವಾ."

ಸಂಗವ್ವ ಹೂವು ಬಿಡಿಸುವುದನ್ನು ಅರ್ಧಕ್ಕೇ ಬಿಟ್ಟಳು. ಬಾಳವ್ವ ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಅಂದು ಪೂಜೆ ಮುಗಿದು ಎಲ್ಲರೂ ಹೋದರು. ಸಂಗವ್ವ ಮಾತ್ರ ಕುಳಿತೇ ಇದ್ದಳು. ಅಜ್ಜನವರು ಜಾಜಿಯ ಒಣಗಿದ ಎಲೆ ತೆಗೆಯುತ್ತಿದ್ದರು. ತಿರುಗದೆಯೇ ಕೇಳಿದರು:

"ಸೇವಂತಿಗಿ ಕುಡಿ ಯಾವಾಗ ಚಿವುಟೂದು, ಸಂಗವ್ವಾ?"

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. "ಶ್ರಾವಣದಾಗ್ರಿ..." ಎಂದಳು. ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತಳು. ಶಂಖಪುಷ್ಪದ ದಿನದಿಂದ ಹಿಡಿದು ಗೋಡೆಯ ಬಳಿ ಹೇಳಿದ ಸುಳ್ಳಿನ ತನಕ ಎಲ್ಲವನ್ನೂ ಹೇಳಿಬಿಟ್ಟಳು. ಕೊನೆಗೆ ಕಣ್ಣೊರೆಸಿಕೊಂಡು ಕೈಜೋಡಿಸಿದಳು.

"ಈ ಹೊಟ್ಟಿಕಿಚ್ಚು ಇವತ್ತ, ಇಲ್ಲೇ ಚಿವುಟಿ ಒಗೀತೀನ್ರಿ ಅಜ್ಜಾರ. ನಿಮ್ಮ ಪಾದದಾಣಿ."

ಅಜ್ಜನವರು ತಿರುಗಿ ನೋಡಿ ನಕ್ಕರು. ಅವರು ನಗುವುದೇ ಅಪರೂಪ.

"ಚಿವುಟಬ್ಯಾಡ ತಂಗಿ. ಚಿವುಟಿದ್ದು ಹತ್ತು ಕವಲ ಒಡೀತದ. ನಿನಗ ಗೊತ್ತಿಲ್ಲೇನು?"

ಸಂಗವ್ವ ಬೆಪ್ಪಾಗಿ ನೋಡಿದಳು. ವರ್ಷವರ್ಷವೂ ತನ್ನ ಬೆರಳೇ ಮಾಡಿದ ಕೆಲಸ. ಅದರ ಅರ್ಥ ಇಂದು ತಿಳಿಯಿತು. ಶ್ರಾವಣದಿಂದ ಇಲ್ಲಿಯವರೆಗೆ ಎಷ್ಟು ಸಲ 'ಇನ್ನು ಸಾಕು' ಎಂದುಕೊಂಡಿದ್ದಳು, ಎಷ್ಟು ಸಲ ಅದು ಮೊದಲಿಗಿಂತ ದಟ್ಟವಾಗಿ ಚಿಗುರಿತ್ತು!

"ಮತ್ತೇನ ಮಾಡ್ಲಿ, ಅಪ್ಪಾ?"

"ಬುಡದಾಗಿಂದು ಕೊಡು" ಎಂದರು ಅಜ್ಜನವರು. ಮತ್ತೆ ಬಳ್ಳಿಯತ್ತ ತಿರುಗಿದರು.

ಬೇರೆಯವರಿಗೆ ಅದು ಒಗಟಾದೀತು, ಹಿತ್ತಲು ಬಲ್ಲ ಸಂಗವ್ವನಿಗೆ ಅಲ್ಲ. ಹೂವು ಮುಗಿದ ಮೇಲೆ ಸೇವಂತಿಗೆಯ ಬುಡದಲ್ಲಿ ಮರಿ ಏಳುತ್ತದೆ. ಅದನ್ನು ಬೇರುಸಹಿತ ಕಿತ್ತು ಬೇರೆಡೆ ನೆಟ್ಟರೆ ಅದೇ ಹೂವು. ಯಾರಿಗೂ ಕೊಡದ ತವರಿನ ಗಿಡದ ಮರಿ!

ನೇರವಾಗಿ ಬಾಳವ್ವನ ಮನೆಗೆ ಹೋಗಿ ನಿಂತ ನಿಲುವಿನಲ್ಲಿಯೇ ನಿಜ ಹೇಳಿದಳು. ಬಾಳವ್ವ ಕೇಳಿದಳು. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡಳು. ಕಾರ್ತಿಕ ಕಳೆಯಿತು, ಸಂಕ್ರಾಂತಿಯ ಎಳ್ಳೂ ಬೀರಿದ್ದಾಯಿತು. ಗೋಡೆಯ ಆಚೆಯಿಂದ "ಅಕ್ಕಾ" ಎಂಬ ಕೂಗು ಕೇಳಿಸಲಿಲ್ಲ. ಆ ದಿನಗಳಲ್ಲಿ ಲಿಂಗದ ನೆತ್ತಿಗೆ ಯಾರ ಹೂವು ಏರಿತೋ ಸಂಗವ್ವ ನೋಡಲಿಲ್ಲ. ಅವಳ ಕಿವಿಯೆಲ್ಲ ಗೋಡೆಯ ಕಡೆಗಿತ್ತು.

ಮಾಘದಲ್ಲಿ ಬುಡಕ್ಕೆ ಮರಿ ಬಂದವು. ಸಂಗವ್ವ ಅವನ್ನು ಬಿಡಿಸಿ, ಬೇರಿಗೆ ಒದ್ದೆ ಅರಿವೆ ಸುತ್ತಿ, ಗೋಡೆಯ ಮೇಲಿಟ್ಟು ಬಂದಳು. ಕರೆಯುವ ಧೈರ್ಯ ಸಾಲಲಿಲ್ಲ. ಬಹಳ ಹೊತ್ತಿನ ಮೇಲೆ ಗೋಡೆಯ ಮೇಲೊಂದು ಎಣ್ಣೆ ಡಬ್ಬಿ ಕಾಣಿಸಿತು, ಅದರ ಹಿಂದೆ ಬಾಳವ್ವನ ಮುಖ.

"ಎಷ್ಟ ಆಳ ನೆಡಬೇಕು? ಖರೇ ಹೇಳು ಈ ಸಲ."

ಸಂಗವ್ವ ಗೋಡೆ ಸುತ್ತಿ ಓಡಿ ಹೋಗಿ ತಾನೇ ನೆಟ್ಟುಕೊಟ್ಟಳು. ಬೇಸಿಗೆಗೆ ಬಚ್ಚಲ ನೀರು ಎರಡೂ ಹಿತ್ತಲಿಗೆ ಹರಿಯಿತು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಇಬ್ಬರೂ ಬಗ್ಗಿ ನಿಂತರು. ಬಾಳವ್ವ ಒಂದು ಕುಡಿ ಹಿಡಿದು, "ಈಗ ಚಿವುಟಲೇನಕ್ಕಾ, ಇಲ್ಲಾ ದಸರಾ ಆದ ಮ್ಯಾಲೋ?" ಎಂದಳು. ಸಂಗವ್ವನಿಗೆ ನಗುವೂ ಬಂತು, ಅಳುವೂ ಬಂತು.

ಕಾರ್ತಿಕದ ಮೊದಲ ಸೋಮವಾರ ಇಬ್ಬರೂ ಒಂದೇ ಬುಟ್ಟಿಯಲ್ಲಿ ಹೂವು ತಂದರು. ಅಷ್ಟರಲ್ಲಿ ಓಣಿಗೆಲ್ಲ ಹಳೆಯ ಕತೆ ಗೊತ್ತಾಗಿತ್ತು. ಹೆಂಗಸರ ಕಣ್ಣೆಲ್ಲ ಬುಟ್ಟಿಯ ಮೇಲೆ. ಅಜ್ಜನವರು ಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಒಂದು ಕೆನೆಬಣ್ಣದ ಸೇವಂತಿಗೆ ಎತ್ತಿದರು. ನೆತ್ತಿಗಿಡುವ ಮೊದಲು ಕೈ ತಡೆದು, ಎಂದೂ ಕೇಳದವರು ಅಂದು ಕೇಳಿದರು:

"ಇದು ಯಾರ ಹಿತ್ತಲದ್ದು, ಸಂಗವ್ವಾ?"

ಸಂಗವ್ವ ಹೂವನ್ನು ದಿಟ್ಟಿಸಿ ನೋಡಿದಳು. ಒಂದು ಕಾಲಕ್ಕೆ ದೂರದಿಂದಲೇ ತನ್ನ ಹೂವಿನ ಎಸಳು ಎಸಳನ್ನೂ ಗುರುತಿಸುತ್ತಿದ್ದವಳು. ಮತ್ತೊಮ್ಮೆ ನೋಡಿದಳು.

"ಗೊತ್ತಾಗವಲ್ದರಿ ಅಜ್ಜಾರ" ಎಂದಳು.

ಅಜ್ಜನವರು ಆ ಹೂವನ್ನು ಲಿಂಗದ ನೆತ್ತಿಯ ಮೇಲಿಟ್ಟರು. ಅಂದು ಮೊದಲ ಸಲ ಸಂಗವ್ವ ಕಣ್ಣು ಮುಚ್ಚಿಕೊಂಡು ಪೂಜೆಗೆ ಕುಳಿತಳು.