ಹೊರಕಡೆಯದೆಲ್ಲ ಮಾರಕ್ಕಂದು

ಹೊದಿಕೆ ಎಳ್ಕೋ ಪುಟ್ಟಿ, ಹೇಳ್ತೀನಿ. ಯಾವ ಕಾಲ ಅಂತ ಕೇಳ್ಬೇಡ, ರಾಜ ಬಾಯಲ್ಲಿ ಆಡಿದ್ದೇ ಕಾನೂನಾಗಿದ್ದ ಕಾಲ ಅಂತಿಟ್ಕೋ. ಆಗ ನಗಾರಿಕೋಟೆ ಅಂತ ಒಂದು ಊರಿತ್ತಂತೆ. ಸುತ್ತ ಕಲ್ಲಿನ ಗೋಡೆ, ಗೋಡೆಯಾಚೆ ಬದನೆ ತೋಟಗಳು. ಆ ಊರಿನೋರು ಬಲು ಮಾನವಂತರು, ಒಂದು ಮಾತನ್ನ ಮಾತ್ರ ಸತ್ತರೂ ಬಾಯಲ್ಲಿ ಆಡ್ತಿರಲಿಲ್ವಂತೆ. ಯಾವ ಮಾತಜ್ಜಿ ಅಂತೀಯ? ಬೆಳಿಗ್ಗೆ ಎದ್ದ ಕೂಡಲೇ ಹೊಟ್ಟೆ ಹಿಡ್ಕೊಂಡು ಓಡ್ತೀಯಲ್ಲ, ಅದು. ಕಕ್ಕನಾ? ಹ್ಞೂಂ, ಅದೇ, ಸಾಕು, ನಗಬೇಡ. ಅವರು ಅದಕ್ಕೆ ಹೊರಕಡೆ ಅಂತಿದ್ರಂತೆ. ಗುಂಡಿ ಇದ್ದದ್ದು ಮನೆ ಹಿತ್ತಲಲ್ಲೇ, ಹೋಗ್ತಿದ್ದದ್ದೂ ಅಲ್ಲಿಗೇ, ಹೇಳೋದು ಮಾತ್ರ ಹೊರಕಡೆಗೆ ಹೋಗಿ ಬರ್ತೀನಿ ಅಂತ. ನಾನೂ ಎಷ್ಟೋ ಊರು ಸುತ್ತಿದ್ದೀನಿ, ಎಷ್ಟೋ ಮನೇಲಿ ಉಂಡಿದ್ದೀನಿ. ಎಲ್ಲ ಕಡೆನೂ ಉಣ್ಣೋದರ ಮಾತು ಗಂಟೆಗಟ್ಟಲೆ, ಉಂಡಿದ್ದು ಎಲ್ಲಿಗೆ ಹೋಯ್ತು ಅನ್ನೋ ಮಾತು ಒಂದು ಕಡೆನೂ ಇಲ್ಲ.

ಆ ಊರಲ್ಲಿ ಅದು ಹೋಗ್ತಿದ್ದದ್ದು ಮಾರಕ್ಕನ ಬುಟ್ಟಿಗೆ. ಮಾರಕ್ಕನಿಗೆ ಗಂಡ ಇಲ್ಲ, ಮೂರು ಜನ ಗಂಡುಮಕ್ಕಳು. ದೊಡ್ಡೋನು ಕಾಟಯ್ಯ, ನಡುವಿನೋನು ಮುದ್ದಯ್ಯ, ಕಡೆಯೋನು ಚಿಕ್ಕೀರ. ಗುಂಡಿ ತುಂಬಿದ್ರೆ ಬೂದಿ ಸುರಿದು, ಕಲ್ಲು ಮುಚ್ಚಿ, ಎರಡು ಮಳೆಗಾಲ ಹಾಗೇ ಬಿಡ್ತಿದ್ರಂತೆ. ಆಮೇಲೆ ತೆಗೆದು ನೋಡಿದ್ರೆ ಬರೀ ಕರೀ ಮಣ್ಣು, ವಾಸನೆ ಇಲ್ಲ ಏನಿಲ್ಲ. ಆ ಮಣ್ಣನ್ನ ತೋಟದೋರು ಗಾಡಿಗಟ್ಟಲೆ ಹೇರ್ಕೊಂಡು ಹೋಗೋರು, ಬದನೆಕಾಯಿ ನಿನ್ನ ತಲೆ ಗಾತ್ರ ಬಿಡೋದು, ಆಮೇಲೆ ಅದನ್ನ ಮಾರಿ ತೋಟದೋರು ದಪ್ಪ ಆದ್ರು, ಸುಂಕ ತಗೊಂಡು ದಿವಾನ ದಪ್ಪ ಆದ, ಎಣ್ಣೆಗಾಯಿ ತಿಂದು ರಾಜ ದಪ್ಪ ಆದ. ಮಾರಕ್ಕನಿಗೆ ಹಿತ್ತಲ ಬಾಗಿಲಲ್ಲಿ ನಿನ್ನೆಯ ಮುದ್ದೆ. ಮಣ್ಣಿಗೇನಾದ್ರೂ ಕೊಡ್ರಪ್ಪ ಅಂದ್ರೆ, ಯಾವ ಮಣ್ಣಿಗೆ, ಅದು ಏನಿತ್ತು ಮೊದಲು, ಹೆಸರು ಹೇಳು ನೋಡೋಣ ಅಂತ ತೋಟದೋರು ನಗೋರಂತೆ. ಹೆಸರು ಹೇಳೋ ಹಾಗಿಲ್ವಲ್ಲ. ಹೆಸರೇ ಇಲ್ಲದ ಮಾಲಿಗೆ ಬೆಲೆ ಎಲ್ಲಿಂದ ಬರ್ಬೇಕು?

ಹೀಗಿರೋವಾಗ ದಿವಾನನ ಮಗಳ ಮದುವೆ ಬಂತಂತೆ. ಅವನ ಹಿತ್ತಲ ಗುಂಡಿ ಆಗಷ್ಟೇ ತುಂಬಿ ಮುಚ್ಚಿದ್ದು. ಬೀಗರು ಬರ್ತಾರೆ, ಈಗಲೇ ಖಾಲಿ ಮಾಡಿ ಅಂದನಂತೆ. ಇನ್ನೂ ಹಸಿ ಇದೆ ಸ್ವಾಮಿ, ಎರಡು ಮಳೆ ಆಗ್ಲಿ ಅಂತ ಮಾರಕ್ಕ ಕೈ ಮುಗಿದಳು. ನಿನ್ನ ಮಳೆ ಕೇಳ್ಕೊಂಡು ನಾನು ಮುಹೂರ್ತ ಇಡ್ಬೇಕೇನೇ ಅಂದನಂತೆ. ಸರಿ, ಕಾಟಯ್ಯ ಇಳಿದ. ಇಳಿದೋನು ಮಾತಾಡಲಿಲ್ಲ. ಅಣ್ಣಾ ಅಂತ ಕೂಗಿ ಮುದ್ದಯ್ಯ ಇಳಿದ. ಅವನೂ ಮಾತಾಡಲಿಲ್ಲ. ಒಳಗಿನ ಕೆಟ್ಟ ಗಾಳಿ ಕಣಮ್ಮ, ಎರಡುಸಿರು ತಗೊಂಡ್ರೆ ಮುಗೀತು. ಚಿಕ್ಕೀರ ಕಾಲಿಡೋ ಹೊತ್ತಿಗೆ ಮಾರಕ್ಕ ಅವನ ಜುಟ್ಟು ಹಿಡಿದು ಕೆಡವಿ, ಅವನ ಮೇಲೆ ಕೂತೇ ಬಿಟ್ಟಳಂತೆ. ಅಣ್ಣಾ, ಅಣ್ಣಾ ಅಂತ ಅವನು ಕೆಳಗೆ ಒದ್ದಾಡ್ತಾನೆ, ಇವಳು ಏಳಲ್ಲ.

ಇಲ್ಲ ಪುಟ್ಟಿ, ಅವರು ಎದ್ದು ಬರಲಿಲ್ಲ. ಎಲ್ಲ ಕತೇಲೂ ಎದ್ದು ಬರಲ್ಲ.

ಕೊಕ್ಕೆ ಹಾಕಿ ಎಳೆದು ಇಬ್ಬರನ್ನೂ ಮಣ್ಣು ಮಾಡಿದ್ರಂತೆ. ಹಾಲುತುಪ್ಪ ಬಿಟ್ಟು ಮನೆಗೆ ಬಂದ್ರೆ ಬಾಗಿಲಲ್ಲಿ ದಿವಾನನ ಆಳು. ಗುಂಡಿ ಇನ್ನೂ ಹಾಗೇ ಇದೆ, ನಾಳೆ ಚಿಕ್ಕೋನನ್ನ ಕಳಿಸು ಅಂದನಂತೆ.

ಮಾರಕ್ಕ ಅರಮನೆಗೆ ಓಡಿದಳು. ಇದ್ದದ್ದನ್ನ ಇದ್ದ ಹಾಗೇ, ಆ ಮಾತನ್ನೇ ಆಡಿ ಹೇಳಿದಳು. ಸಭೆಯೆಲ್ಲ ಕಿವಿ ಮುಚ್ಕೊಂಡು, ನಾಲಿಗೆ ಶುದ್ಧ ಇಲ್ಲದೋಳು ಅಂತ ಆಚೆ ದಬ್ಬಿದ್ರಂತೆ. ಮತ್ತೆ ಹೋದಳು, ಏನೂ ಹೇಳದೆ ಬರೀ ಅತ್ತಳು. ಅಯ್ಯೋ ಪಾಪ ಅಂತ ರಾಜ ಒಂದು ಸೀರೆ ಕೊಟ್ಟು ಕಳಿಸಿದ. ಮೂರನೇ ಸಲ ಹೋಗಿ ಅವರದೇ ಮಾತಲ್ಲಿ ಕೇಳಿದಳಂತೆ. ಬುದ್ಧೀ, ಈ ಊರಿನ ಹೊರಕಡೆಯದನ್ನೆಲ್ಲ ಹೊತ್ತೋಳು ನಾನು, ಅದರಲ್ಲಿ ಇಬ್ಬರನ್ನ ಕಳ್ಕೊಂಡೋಳು ನಾನು, ಅದು ನಂದು ಅಂತ ಮಾಡಿಕೊಡಿ. ನಂದಾದ್ರೆ ಯಾವಾಗ ತೆಗೀಬೇಕು ಅಂತ ನಾನೇ ಹೇಳ್ತೀನಿ, ಮಗ ಉಳೀತಾನೆ. ರಾಜನಿಗೆ ನಗು ಬಂತು. ಇದನ್ನ ಬೇಕು ಅನ್ನೋರೂ ಇದ್ದಾರಲ್ಲ! ಹೊರಕಡೆಯದೆಲ್ಲ ಮಾರಕ್ಕಂದು ಅಂತ ಡಂಗುರ ಹೊಡೆಸಿಬಿಟ್ಟನಂತೆ.

ಡಂಗುರ ಕೋಟೆ ಬಾಗಿಲು ದಾಟ್ತು ನೋಡು, ತೋಟದೋರ ಎದೆ ಒಡೀತು. ಹೊರಕಡೆ ಅಂದ್ರೆ ಗೋಡೆಯ ಹೊರಕಡೆ ತಾನೇ? ತೋಟ, ಬಾವಿ, ದಿವಾನನ ಕಬ್ಬಿನ ಗದ್ದೆ, ಎಲ್ಲ ಮಾರಕ್ಕಂದಾಯ್ತಲ್ಲಪ್ಪೋ ಅಂತ ಎದ್ದೂ ಬಿದ್ದೂ ಅರಮನೆಗೆ ಬಂದ್ರಂತೆ. ದಿವಾನನೂ ಬಂದ. ಮಹಾಸ್ವಾಮಿ, ಆ ಹೊರಕಡೆ ಅಲ್ಲ, ಈ ಹೊರಕಡೆ ಅಂತ ಇನ್ನೊಂದು ಸಲ ಸಾರಿಸಿ ಅಂದ. ಈ ಹೊರಕಡೆ ಅಂದ್ರೆ ಏನು ಅಂತ ಸಾರಿಸಲಯ್ಯಾ, ನೀನೇ ಒಂದು ಸಲ ಅನ್ನು ಅಂತ ರಾಜ. ದಿವಾನನ ಬಾಯಿ ತೆರೀತು, ಮುಚ್ಚಿತು.

ಆಮೇಲೆ ಎಲ್ಲರೂ ಮಾರಕ್ಕನ ಗುಡಿಸಲಿಗೆ ಬಂದ್ರಂತೆ. ನಿನ್ನೆವರೆಗೂ ಏ ಇವಳೇ ಅಂತಿದ್ದೋರು ಮಾರಕ್ಕಾ, ತಾಯೀ ಅಂತ. ನಿಮ್ಮ ತೋಟ ನಂಗೆ ಬೇಡ ಅಂದಳಂತೆ ಅವಳು. ಯಾವ ಹೊರಕಡೆ ಅಂತ ರಾಜರೇ ಬಾಯಿಬಿಟ್ಟು ಹೇಳ್ಲಿ, ಅದರಲ್ಲಿ ಸತ್ತೋರ ಹೆಸರನ್ನೂ ಹೇಳ್ಲಿ, ತೋಟ ನೀವೇ ಇಟ್ಕೊಳ್ಳಿ.

ರಾಜ ಬುರುಜು ಹತ್ತಿದನಂತೆ. ಬೆವರಿದ, ಕೆಮ್ಮಿದ, ಕೆಳಗೆ ನಿಂತ ಜನರನ್ನ ನೋಡಿದ. ಆಮೇಲೆ, ಹೇಲು, ಅಂದನಂತೆ. ನಿಮ್ಮ ಹೇಲು, ನನ್ನ ಹೇಲು, ಅದು ಮಾರಕ್ಕಂದು. ಅದರ ಗುಂಡೀಲಿ ಕಾಟಯ್ಯ ಸತ್ತ. ಮುದ್ದಯ್ಯ ಸತ್ತ. ಯಾರೂ ನಗಲಿಲ್ವಂತೆ.

ಅಲ್ಲಿಂದ ಹಸಿ ಗುಂಡಿಗೆ ಯಾರನ್ನೂ ಇಳಿಸಲಿಲ್ಲ. ಹೆಸರು ಬಂತಲ್ಲ, ಬೆಲೆಯೂ ಬಂತು. ಗಾಡಿ ಮಣ್ಣಿಗೆ ಇಷ್ಟು ರಾಗಿ, ಇಷ್ಟು ಕಾಯಿ ಅಂತ ತೋಟದೋರು ಮುಂಬಾಗಿಲಿಗೇ ತಂದು ಕೊಡೋರಂತೆ. ಚಿಕ್ಕೀರ ಎತ್ತು ಕಟ್ಟಿದ, ಮದುವೆ ಆದ, ಮನೇಲಿ ಮೊಮ್ಮಕ್ಕಳು ಓಡಾಡಿದವು. ಆದ್ರೆ ಅದಕ್ಕೂ ಮುಂಚೆ, ಅಣ್ಣಂದಿರು ಸತ್ತ ದಿವಾನನ ಹಿತ್ತಲ ಗುಂಡಿಗೂ ಎರಡು ಮಳೆ ಆಗ್ಬೇಕಲ್ಲ, ಆಯ್ತು. ತೆಗೆಸಿದ್ರು. ಊರಲ್ಲೇ ಅಂಥ ಕರೀ ಮಣ್ಣು ಯಾರೂ ಕಂಡಿರಲಿಲ್ವಂತೆ. ತೋಟದೋನೊಬ್ಬ ಗಾಡಿ ತಂದು, ಇದಕ್ಕೆ ಎರಡರಷ್ಟು ಕೊಡ್ತೀನಿ ಮಾರಕ್ಕ ಅಂದ. ಅವಳು ಒಂದು ಹಿಡಿ ತಗೊಂಡು, ಮತ್ತೆ ಗುಂಡಿಗೇ ಸುರಿದಳಂತೆ. ಇದನ್ನ ಕೊಡಲ್ಲಪ್ಪ ಅಂದಳು. ಹಾಗೇ ಬಿಟ್ರೆ ಹಾಳಲ್ವಾ ಅಂದನಂತೆ ಅವನು. ಹಾಳಾಗ್ಲಿ ಬಿಡು, ಇದೊಂದಾದ್ರೂ ಯಾರ ಹೊಟ್ಟೆಗೂ ಹೋಗದೆ ಹಾಳಾಗ್ಲಿ ಅಂದಳಂತೆ.

ಅಲ್ಲಿಗೆ ಅವರ ಕತೆ ಆಯ್ತು, ಇಲ್ಲಿಗೆ ನನ್ನ ಮಾತು ಆಯ್ತು. ಕಣ್ಣು ಮುಚ್ಚು.