ಎಂಜಿನ್ ಮತ್ತು ಆಯಿಲ್ ಕಡ್ಡಿ

ಮೌಲಾಸಾಬನ ಪಿಕಪ್ ಗಾಡಿಯ ಡೀಸೆಲ್ ಎಂಜಿನ್‌ಗೆ ವಯಸ್ಸಾಗಿತ್ತು. ಹಾಕಿದ ಆಯಿಲ್ ಬೇಗ ಕುಡಿದುಬಿಡುತ್ತಿತ್ತು. ತುಂಬು ಬಸುರಿ ಮಗಳನ್ನು ತವರಿಗೆ ಕರೆತರಲು ಹೊರಟ ದಿನ ಅವನು ಬಾನೆಟ್ ಎತ್ತಿದಾಗ, ಎಂಜಿನ್ ತನ್ನೊಳಗಿನ ಆಯಿಲ್ ಅಳೆಯುವ ಕಡ್ಡಿಗೆ ಪಿಸುಗುಟ್ಟಿತು.

“ಗೆಳೆಯಾ, ಆಯಿಲ್ ಕಡಿಮೆಯಾಗಿದೆ ಎಂದು ತೋರಿಸಬೇಡ. ನನ್ನನ್ನು ಬಿಟ್ಟು ಬೇರೆ ಗಾಡಿ ಮಾಡಿಕೊಂಡು ಹೋದಾನು. ಆ ಹುಡುಗಿಯನ್ನು ದಿನಾ ಶಾಲೆಗೆ ಬಿಟ್ಟಿದ್ದು ನಾನೇ.”

“ಹಾಗಿದ್ದರೆ ಅವಳೊಂದಿಗೆ ನಡುದಾರಿಯಲ್ಲಿ ನಿಂತುಬಿಡಲು ನಿನಗೆ ಮನಸ್ಸು ಬಂದೀತೆ?” ಎಂದು ಕಡ್ಡಿ ಕೇಳಿತು.

ಮೌಲಾಸಾಬ ಕಡ್ಡಿಯನ್ನು ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ ತೆಗೆದು ನೋಡಿದ. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಎಂಜಿನ್ ಬೈಗುಳಕ್ಕೆ ಕಾಯಿತು.

ಅವನು ಡಬ್ಬಿ ತಂದು, ಮೇಲಿನ ಗೆರೆ ಮುಟ್ಟುವವರೆಗೆ ನಿಧಾನವಾಗಿ ಆಯಿಲ್ ಸುರಿದ.

“ಇಷ್ಟು ಬಾಯಾರಿದ್ರೂ ಸುಮ್ಮನ ಓಡಿದೆಲ್ಲೋ ಮುದುಕಾ,” ಎಂದ. “ವಾರದಿಂದ ನೋಡದ ಬಿಟ್ಟಿದ್ದು ನಂದ ತಪ್ಪು. ನಡಿ, ನಿನ್ನ ಗಾಡ್ಯಾಗ ಬರ್ತೀನಿ ಅಂತ ಆಕಿ ಹಟ ಹಿಡದಾಳ.”

ಮರಳುವಾಗ ತಗ್ಗುದಿಣ್ಣೆಯ ದಾರಿಯಲ್ಲಿ ಎಂಜಿನ್ ಎಷ್ಟು ಮೆಲ್ಲಗೆ ಓಡಿತೆಂದರೆ, ಮಗಳು ಕಿಟಕಿಗೆ ತಲೆಯಾನಿಸಿ ಊರು ಬರುವವರೆಗೂ ನಿದ್ದೆ ಮಾಡಿದಳು.